ಗೆರಟೆ ಹೊಗೆಯ ನೀರನ್ನೂ ಮಾರಬಹುದು

ನಾನಿರುವ ಜಪಾನಿನಲ್ಲಿ ತೋಟದ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಗೊಬ್ಬರದ ಚೀಲಗಳ ಪಕ್ಕ ಚಹಾ ಬಣ್ಣದ ನೀರಿನ ಬಾಟಲಿಗಳು ಇರುತ್ತವೆ. ಮೊಕುಸಾಕು ಅಂತಾರೆ. ಮರ ಸುಟ್ಟು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ತಣಿಸಿ ಹಿಡಿದ ನೀರು ಅದು. ಮುಚ್ಚಳ ತೆಗೆದರೆ ನಮ್ಮೂರ ಬಚ್ಚಲೊಲೆಯ ವಾಸನೆ, ಜೊತೆಗೆ ಮೂಗಿಗೆ ಹೊಡೆಯುವ ಹುಳಿ. ನಮ್ಮ ಕರಾವಳಿಯಲ್ಲಿ ಗೆರಟೆ, ಅಂದರೆ ತೆಂಗಿನ ಚಿಪ್ಪು, ಸುಟ್ಟು ಇದ್ದಿಲು ಮಾಡುವವರು ಈ ಹೊಗೆಯನ್ನು ಸುಮ್ನೆ ಗಾಳಿಗೆ ಬಿಡುತ್ತಾರೆ. ಅಕ್ಕಪಕ್ಕದ ಮನೆಯವರಿಗೆ ಕೆಮ್ಮು, ಸುಡುವವರಿಗೆ ನಷ್ಟ. ಇದು ನಿಲ್ಲಬೇಕು.

ಬಿಸಾಡುವುದರಿಂದ ಉಪಯೋಗದ್ದನ್ನು ತೆಗೆಯುವ ವಿದ್ಯೆ ನಮಗೆ ಹೊಸದೇನಲ್ಲ. ಗೇರುಬೀಜದ ಸಿಪ್ಪೆಯನ್ನೇ ನೋಡಿ. ಅದರ ತೂಕದಲ್ಲಿ ಸುಮಾರು ಕಾಲು ಭಾಗ ಎಣ್ಣೆ. ಹಸಿ ಎಣ್ಣೆ ತಾಗಿದರೆ ಕೈ ಸುಡುತ್ತದೆ, ಬೀಜ ಒಡೆಯುವ ಹೆಂಗಸರಿಗೆ ಅದು ಚೆನ್ನಾಗಿ ಗೊತ್ತು. ಅದೇ ಎಣ್ಣೆಯನ್ನು ಕಾಯಿಸಿದಾಗ ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಕಾರ್ಡನಾಲ್ ಆಗುತ್ತದೆ. ವಾಹನಗಳ ಬ್ರೇಕ್ ಲೈನಿಂಗಿಗೆ, ಪೇಂಟಿಗೆ, ರಾಳಕ್ಕೆ ಅದು ಬೇಕೇ ಬೇಕು. ಮರದ ದೋಣಿಗೆ, ಮಾಡಿನ ಪಕಾಸಿಗೆ ಗೇರೆಣ್ಣೆ ಬಳಿದು ಹುಳು, ಗೆದ್ದಲು ತಡೆದವರು ನಮ್ಮ ಹಿರಿಯರೇ ಅಲ್ವಾ? ಘಟ್ಟದ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಇದ್ದಿಲು ಬೇಕಿತ್ತು. ಆ ಕಾಲದಲ್ಲಿ ಅಲ್ಲಿ ಸೌದೆ ಬಟ್ಟಿ ಇಳಿಸಿ ಮೆಥನಾಲ್, ಟಾರು (ಮರದ ಕಪ್ಪು ಅಂಟು) ಕೂಡ ತೆಗೆಯುತ್ತಿದ್ದರು.

ಜಪಾನಿನವರ ಕೆಲಸದಲ್ಲಿ ನನಗೆ ಹಿಡಿಸಿದ್ದು ಶಿಸ್ತು. ಭಟ್ಟಿಯಿಂದ ಹೊರಬರುವ ಹೊಗೆ 80ರಿಂದ 150 ಡಿಗ್ರಿ ಒಳಗೆ ಇದ್ದಾಗ ಮಾತ್ರ ಹಿಡಿಯುತ್ತಾರೆ. ಅದಕ್ಕಿಂತ ಬಿಸಿಯಾದರೆ ಟಾರು ಜಾಸ್ತಿ. ಕೊಳವೆ ಬಿದಿರಿನದು ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದು, ಯಾಕೆಂದರೆ ಹುಳಿ ನೀರು ಕಬ್ಬಿಣವನ್ನು ತಿಂದುಹಾಕುತ್ತದೆ. ಹಿಡಿದ ನೀರನ್ನು ಮೂರು ತಿಂಗಳಾದರೂ ಅಲ್ಲಾಡಿಸದೆ ಇಡುತ್ತಾರೆ. ಮೇಲೆ ತೆಳುವಾದ ಎಣ್ಣೆ ತೇಲುತ್ತದೆ, ತಳದಲ್ಲಿ ಕಪ್ಪು ಟಾರು ಕೂರುತ್ತದೆ. ನಡುವಿನ ತಿಳಿ ಮಾತ್ರ ಬಾಟಲಿಗೆ. ಬಣ್ಣ ಬಳಿದ ಹಳೇ ಮರವನ್ನು ಭಟ್ಟಿಗೆ ಹಾಕುವ ಹಾಗೇ ಇಲ್ಲ. ಕೀಟನಾಶಕ ಅಂತ ನೋಂದಣಿ ಆಗಿಲ್ಲದ ಕಾರಣ ಬಾಟಲಿ ಮೇಲೆ ಹಾಗೆ ಬರೆಯುವಂತೆಯೂ ಇಲ್ಲ. ಈ ಪ್ರಾಮಾಣಿಕತೆ ನಮಗೂ ಬೇಕು. ಎಲ್ಲ ರೋಗಕ್ಕೂ ಮದ್ದು ಅಂತ ಮಾರಲು ಹೊರಟರೆ ರೈತ ಒಮ್ಮೆ ಕೊಳ್ಳುತ್ತಾನೆ, ಮತ್ತೆ ಬರುವುದಿಲ್ಲ.

ಈಗ ದುಡ್ಡಿನ ಮಾತು. ನಿಧಾನವಾಗಿ ಸುಟ್ಟರೆ ಗೆರಟೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇದ್ದಿಲು, ಅಷ್ಟೇ ಪಾಲು ದ್ರವ, ಉಳಿದದ್ದು ಗ್ಯಾಸು. ಆದರೆ ಆ ತಿಳಿ ದ್ರವದಲ್ಲಿ ನೂರಕ್ಕೆ 80-90 ಭಾಗ ಬರೀ ನೀರು. ಲಾರಿಗೆ ತುಂಬಿ ಬೆಂಗಳೂರಿಗೆ ಕಳಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಹೀಗೆ ಸುಟ್ಟು ಇಂಧನದ ಎಣ್ಣೆ ತೆಗೆಯುವ ಆಸೆಯೂ ಸಣ್ಣವರಿಗಲ್ಲ. ಅದಕ್ಕೆ ಹೊಟ್ಟು, ಪುಡಿಯನ್ನು 500 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಕಾಯಿಸುವ ದೊಡ್ಡ ಯಂತ್ರ ಬೇಕು. ಬರುವ ಎಣ್ಣೆಯ ಕಾವು, ತೂಕಕ್ಕೆ ತೂಕ ನೋಡಿದರೆ, ಡೀಸೆಲ್‌ನ ಅರ್ಧವೂ ಇಲ್ಲ, ಡೀಸೆಲ್ ಜೊತೆ ಬೆರೆಯುವುದೂ ಇಲ್ಲ.

ಹಾಗಾಗಿ ಹತ್ತಿರದಲ್ಲೇ ಗಿರಾಕಿ ಬೇಕು. ನನ್ನ ಪ್ರಕಾರ ಆ ಗಿರಾಕಿ ರಬ್ಬರ್ ಬೆಳೆಗಾರ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಹಾಲು ಹೆಪ್ಪಾಗಲು ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಇಂಡೋನೇಷ್ಯಾ, ಥಾಯ್ಲೆಂಡಿನಲ್ಲಿ ಈ ಹೊಗೆ ನೀರಿನಿಂದಲೇ ಹೆಪ್ಪು ಹಾಕಿ ನೋಡಿದ್ದಾರೆ. ಇದರಲ್ಲಿರುವ ಅಸಿಟಿಕ್ ಆಮ್ಲ ಹಾಲನ್ನು ಗಟ್ಟಿ ಮಾಡುತ್ತದೆ, ಫೀನಾಲ್ ಎಂಬ ಇನ್ನೊಂದು ವಸ್ತು ರಬ್ಬರ್ ಶೀಟಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುತ್ತದೆ. ಗೆರಟೆಯ ಹೊಗೆಯಲ್ಲಂತೂ ಫೀನಾಲ್ ಧಾರಾಳ. ದನದ ಹಟ್ಟಿಯ ನಾತ ಕಡಿಮೆ ಮಾಡುವುದಕ್ಕೂ ಇದು ಆಗುತ್ತದೆ. ಮೀನಿಗೆ ಹೊಗೆ ರುಚಿ ಕೊಡುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಬಿಡೋಣ. ಟಾರಿನಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ, ಸರಿಯಾಗಿ ಶುದ್ಧ ಮಾಡದೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ತಿನ್ನುವ ವಸ್ತುವಿಗೆ ಮುಟ್ಟಿಸಬಾರದು. ತಳದ ಟಾರನ್ನು ತೋಡಿಗೆ ಚೆಲ್ಲಲೂಬಾರದು.

ಶುರು ಮಾಡಲು ಒಂದು ಗೆರಟೆ ಭಟ್ಟಿ, ಅದರ ಹತ್ತಿರದ ನಾಲ್ಕಾರು ರಬ್ಬರ್ ತೋಟ ಸಾಕು. ಸ್ಟೀಲ್ ಕೊಳವೆ, ಡ್ರಮ್ಮುಗಳ ಖರ್ಚಿಗೆ ಊರಿನ ಸಹಕಾರಿ ಸಂಘ ಸಾಲ ಕೊಡಲಿ. ಬೆಳೆಗಾರರು ಮೊದಲು ಕೆಲವು ಶೀಟು ಹಾಕಿ ನೋಡಿ, ಸರಿ ಬಂದರೆ ಒಂದು ವರ್ಷ ಅಲ್ಲಿಂದಲೇ ಕೊಳ್ಳುತ್ತೇವೆ ಅಂತ ಬರೆದುಕೊಡಲಿ.