ಐದು ನಿಮಿಷ, ಹತ್ತು ಉಗುರು, ಅರ್ಧ ನಿಂಬೆಹಣ್ಣು

ರಾತ್ರಿ ಸುಮ್ನೆ ಮಲ್ಕೊಂಡಿದ್ರೆ ಆಗ್ತಿತ್ತು, ಫೋನ್ ಎತ್ಕೊಂಡೆ, ಕೆಟ್ಟೆ. "ಉಗುರು ಹಳದಿ ಆಗಿದ್ಯಾ ಫ್ರೆಂಡ್ಸ್? ಐದೇ ನಿಮಿಷ, ಮನೇಲೇ, ಫುಲ್ ನ್ಯಾಚುರಲ್" ಅಂತ ಒಬ್ರು ಮೇಡಂ ವಿಡಿಯೋ. ಅಲ್ಲೀವರೆಗೂ ನಂಗೆ ಉಗುರು ಇದೆ ಅನ್ನೋದೇ ಜ್ಞಾಪಕ ಇರ್ಲಿಲ್ಲ. ಲೈಟ್ ಹಾಕಿ ನೋಡ್ತೀನಿ, ಹೆಬ್ಬೆರಳಿಂದು ಹಳೇ ಪೇಪರ್ ಬಣ್ಣ. ಬಣ್ಣ ಉಗುರಿಗೆ ಇಳೀದೇ ಇರಲಿ ಅಂತ ಮೊದಲು ಹಚ್ಚೋ ಬೇಸ್ ಕೋಟ್ ಇಲ್ದೆ ಎರಡು ತಿಂಗಳು ಕಡುಗೆಂಪು ಪಾಲಿಶ್ ಬಳ್ಕೊಂಡಿದ್ದು ನಾನೇ, ಆದ್ರೂ ತಪ್ಪು ಉಗುರಿಂದೇ ಅಂತ ಅಲ್ಲೇ ತೀರ್ಪು ಕೊಟ್ಬಿಟ್ಟೆ.

ಮೇಡಂ ಅರ್ಧ ನಿಂಬೆಹಣ್ಣು ಹಿಂಡಿ ಅದಕ್ಕೊಂದು ಚಮಚ ಅಡುಗೆ ಸೋಡಾ ಹಾಕಿದ್ರು, ಬುಸ್ ಅಂತ ನೊರೆ ಬಂತು. "ನೋಡಿ, ಕೆಲ್ಸ ಶುರುವಾಯ್ತು!" ಶುರುವಾಗಿದ್ದಲ್ಲ ತಾಯಿ, ಮುಗ್ದಿದ್ದು. ಹುಳಿನೂ ಸೋಡಾನೂ ಬಟ್ಟಲಲ್ಲೇ ಜುಟ್ಟು ಹಿಡ್ಕೊಂಡು ಜಗಳ ಆಡಿ ಇಬ್ರೂ ತಣ್ಣಗಾಗ್ತಾರೆ, ಕಾರ್ಬನ್ ಡೈಆಕ್ಸೈಡ್ ಹಾರೋಗುತ್ತೆ, ಮಿಕ್ಕಿದ್ದು ಹೆಚ್ಚುಕಮ್ಮಿ ಉಪ್ಪುಪ್ಪು ನೀರು. ಅದ್ರಲ್ಲಿ ಬೆರಳು ಅದ್ದಿ ಧ್ಯಾನಕ್ಕೆ ಕೂತ್ಕೋಬೇಕಂತೆ.

ನಾನೂ ಕೂತೆ, ಇಲ್ಲ ಅನ್ನಲ್ಲ. ಆದ್ರೆ ಸೋಡಾ ಡಬ್ಬ ಹುಡುಕೋಕೆ ಮುಂಚೆನೇ ಅವಸರಕ್ಕೆ ಬರೀ ನಿಂಬೆರಸಕ್ಕೆ ಕೈ ಇಟ್ಟೆ, ಬೆಳಗ್ಗೆ ತೋರುಬೆರಳ ಉಗುರಿನ ಪಕ್ಕ ಎದ್ದಿದ್ದ ಚರ್ಮ ಹಲ್ಲಲ್ಲಿ ಕಿತ್ತಿದ್ದೆ ಅನ್ನೋದು ಆಗ ನೆನಪಾಯ್ತು, ನೆನಪಾಗೋದೇನು, ನೆತ್ತಿಗೆ ಏರ್ತು. ಅದೇ ಹೊತ್ತಿಗೆ ಫೋನ್ ರಿಂಗಾಗ್ಬೇಕಾ? ಒದ್ದೆ ಬೆರಳಲ್ಲಿ ಉಜ್ಜಿದ್ರೆ ಸ್ಕ್ರೀನ್ ಕೇಳಲ್ಲ, ಮೂಗಲ್ಲಿ ಉಜ್ಜಿ ಎತ್ತಿದೆ. "ಏನ್ಮಾಡ್ತಿದ್ದೀಯ" ಅಂದ್ರು. ನಿಂಬೆರಸದಲ್ಲಿ ಕೈ ನೆನೆಹಾಕಿದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ.

ಇಷ್ಟೆಲ್ಲ ಸೇವೆ ಯಾರಿಗೆ ಅಂತ ನೋಡಿದ್ರೆ, ಸತ್ತ ಜೀವಕೋಶಕ್ಕೆ. ಉಗುರಂದ್ರೆ ಒತ್ತೊತ್ತಾಗಿ ಕೂತ ಕೆರಟಿನ್ ಅನ್ನೋ ಪ್ರೋಟೀನು, ಅದಕ್ಕೆ ರಕ್ತ ಇಲ್ಲ ನರ ಇಲ್ಲ, ಗುಲಾಬಿ ಬಣ್ಣ ಕೂಡ ಅದರದ್ದಲ್ಲ, ಕೆಳಗಿನ ಚರ್ಮದ ರಕ್ತ ಇಣುಕೋದು. ಹಲ್ಲಿನ ಪೇಸ್ಟ್ ಉಜ್ಜಿ, ಬಫರ್ ಅನ್ನೋ ಉಗುರು ಉಜ್ಜೋ ತರಿಪಟ್ಟಿ ಉಜ್ಜಿ ಅಂತಾರೆ. ಬಫರ್‌ಗೆ ಉಗುರು ಹೊಳೆಯೋದು ನಿಜ, ಮೇಲಿನ ಪದರ ಕೆರೆದು ಹೋಗಿರುತ್ತಲ್ಲ, ವಾರ ವಾರ ಕೆರೀತಾ ಹೋದ್ರೆ ಹೊಳೆಯೋಕೆ ಉಗುರೇ ಇರಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಾರೆ, ಇಲ್ಲಿ ಕೊಡಲಿ ಉಗುರಿಗೇ ಬಿದ್ದಿದೆ. ಉಗುರಿನ ಬುಡದಲ್ಲಿರೋ ತೆಳು ಚರ್ಮ, ಅದೇ ಕ್ಯುಟಿಕಲ್, ಕತ್ತರಿಸಿ ಬಿಸಾಕಿ ಅನ್ನೋರಂತೂ ಇನ್ನೂ ಘನವಂತರು. ಕೀಟಾಣು ಒಳಗೆ ಬರದೇ ಇರಲಿ ಅಂತ ಇರೋ ಬಾಗಿಲು ಅದು, ಕಿತ್ತ ಮೇಲೆ ಉಗುರುಸುತ್ತು ಬಂದು ಬೆರಳು ಢವಢವ ಅನ್ನುವಾಗ ಅದಕ್ಕೂ ಒಂದು ವಿಡಿಯೋ ರೆಡಿ ಇರುತ್ತೆ. ನಿಂಬೆರಸ ಹಚ್ಕೊಂಡು ಹಾಗೇ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಗುಳ್ಳೆ ಏಳಬಹುದು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ, ಅದೂ ನ್ಯಾಚುರಲ್ಲೇ ಅಲ್ವಾ.

ಪಾಲಿಶ್ ಕಲೆಗೆ ನಿಜವಾದ ಮದ್ದು ಏನಪ್ಪಾ ಅಂದ್ರೆ, ಸುಮ್ನಿರೋದು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ, ಪೂರ್ತಿ ಹೊಸದಾಗೋಕೆ ಹತ್ರ ಹತ್ರ 6 ತಿಂಗಳು. ಅಷ್ಟು ದಿನ ಪಾಲಿಶ್‌ಗೆ ರಜೆ, ಪಾತ್ರೆ ತೊಳೆಯುವಾಗ ಗ್ಲೌಸ್, ಮಲಗೋ ಮುಂಚೆ ಎರಡು ಹನಿ ಎಣ್ಣೆ, ಮುಂದೆ ಹಚ್ಚಿದ್ರೆ ಮೊದಲು ಬೇಸ್ ಕೋಟ್. (ಉಗುರು ದಪ್ಪಗಾಗಿ ಪುಡಿ ಉದುರ್ತಿದ್ರೆ, ಇಲ್ಲಾ ಹೊಸದಾಗಿ ಕಪ್ಪು ಗೆರೆ ಬಂದಿದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ, ಇದು ಮಾತ್ರ ತಮಾಷೆ ಅಲ್ಲ.) ಆದ್ರೆ ಆರು ತಿಂಗಳು ಸುಮ್ನಿರೋದನ್ನ ವಿಡಿಯೋ ಮಾಡೋದು ಹೇಗೆ ಸ್ವಾಮಿ, ನೋಡೋರು ಯಾರು?

ಮೇಡಂ ವಿಡಿಯೋ ಕೊನೇವರೆಗೂ ನೋಡಿದೆ. ಹತ್ತೂ ಬೆರಳು ಕ್ಯಾಮೆರಾ ಮುಂದೆ ಹಿಡಿದ್ರು, ತಿಳಿಗುಲಾಬಿ, ಕನ್ನಡಿ ಥರ. ನನ್ನ ಹೆಬ್ಬೆರಳು ನೋಡ್ಕೊಂಡು ಹೊಟ್ಟೆ ಉರೀತು. ಕಿರುಬೆರಳ ತುದೀಲಿ ಚೂರು ಬಣ್ಣ ಎದ್ದಿದ್ದು ಅವರಿಗೂ ಕಂಡಿರಬೇಕು, ನಕ್ಕೊಂಡು ಹೇಳಿದ್ರು, "ಇದು ನ್ಯಾಚುರಲ್ ಶೇಡ್ ಫ್ರೆಂಡ್ಸ್, ಎರಡೇ ಕೋಟ್ ಹಾಕಿದೀನಿ."