ಅನಾಥರ ಕೋರ್ಟಿನ ಲಗ್ನಪತ್ರಿಕೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮದುವೆಯಾಗಹೊರಟವರು ಮೊದಲು ತಟ್ಟಬೇಕಾದ ಬಾಗಿಲಿನ ಬೋರ್ಡು ನೋಡಿದರೆ ಮನೆಯ ಹಿರಿಯರು ಅಪಶಕುನವೆಂದು ಅಲ್ಲಿಂದಲೇ ತಿರುಗಿಯಾರು. ‘ರಿಜಿಸ್ಟರ್ ಆಫ್ ವಿಲ್ಸ್’, ‘ಕ್ಲರ್ಕ್ ಆಫ್ ಆರ್ಫನ್ಸ್ ಕೋರ್ಟ್’. ಸತ್ತವರ ವಿಲ್ಲು ಕಾಯುವ, ಅನಾಥರ ಆಸ್ತಿ ಕಾಯುವ ಕಚೇರಿಯೇ ಮದುವೆಯ ಲೈಸೆನ್ಸನ್ನೂ ಕೊಡುತ್ತದೆ. ಹೆಸರು ಆ ಸೀಮೆಯನ್ನು ಸ್ಥಾಪಿಸಿದ ವಿಲಿಯಂ ಪೆನ್ ಕಾಲದ್ದು. ಬದಲಿಸಬೇಕೆಂದು ಯಾರಿಗೂ ಅನಿಸಿದಂತಿಲ್ಲ.

ನಾವು ನಗಬೇಕಾದ್ದೇನೂ ಇಲ್ಲ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಸೈಟಿನ ಕ್ರಯಪತ್ರ, ತಾತನ ವಿಲ್ಲು, ಮೊಮ್ಮಗಳ ಮದುವೆ ಒಂದೇ ಸೂರಿನಡಿ ನೋಂದಣಿಯಾಗುತ್ತವೆ. ವ್ಯತ್ಯಾಸ ಇರುವುದು ಕ್ರಮದಲ್ಲಿ. ಹಿಂದೂ ಪದ್ಧತಿಯಲ್ಲಿ ಧಾರೆಯೆರೆದು, ಊಟ ಬಡಿಸಿ, ಛತ್ರದ ಬಾಕಿ ತೀರಿಸಿ, ಎಂದೋ ಪಾಸ್‌ಪೋರ್ಟಿಗೆ ಬೇಕೆಂದಾಗ ನೋಂದಣಿಯ ನೆನಪಾಗುತ್ತದೆ. ಅಲ್ಲಿ ಕಾಗದ ಮೊದಲು, ಮಾಂಗಲ್ಯ ಆಮೇಲೆ. ಹಾಗಾಗಿ ಲೈಸೆನ್ಸನ್ನು ನಮ್ಮ ಮ್ಯಾರೇಜ್ ಸರ್ಟಿಫಿಕೇಟಿಗೆ ಹೋಲಿಸುವುದು ತಪ್ಪು. ಅದು ನಿಶ್ಚಿತಾರ್ಥದಲ್ಲಿ ಓದುವ ಲಗ್ನಪತ್ರಿಕೆಗೆ ಹತ್ತಿರ: ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಡೆಸಲು ಅಡ್ಡಿಯಿಲ್ಲ ಎಂಬ ಒಪ್ಪಿಗೆ. ಓದುವವರು ಪುರೋಹಿತರಲ್ಲ, ಗುಮಾಸ್ತೆ. ಎಲೆ ಅಡಿಕೆ ಇಲ್ಲ, ಶುಲ್ಕ ಇದೆ.

ಲಗ್ನಪತ್ರಿಕೆಯ ಹಾಗೆ ಇಲ್ಲೂ ಎರಡೂ ಕಡೆಯ ತಂದೆತಾಯಿಯರ ಹೆಸರು, ಹುಟ್ಟಿದೂರು ಕೇಳುತ್ತಾರೆ. ವಧೂವರರಿಬ್ಬರೂ ಫೋಟೊ ಇರುವ ಗುರುತಿನ ಚೀಟಿ ಹಿಡಿದು ಹಾಜರಾಗಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಕೊಡಬೇಕು. ಮೊದಲೊಂದು ಮದುವೆ ಆಗಿ ಮುರಿದಿದ್ದರೆ ವಿಚ್ಛೇದನದ ಆದೇಶದ ಪ್ರತಿಯನ್ನೂ ಒಯ್ಯುವುದು ಮೇಲು. 2020ರಿಂದ ಈಚೆಗೆ 18 ತುಂಬದವರಿಗೆ ಲೈಸೆನ್ಸೇ ಇಲ್ಲ, ಅಪ್ಪ ಅಮ್ಮ ಒಪ್ಪಿದರೂ ಇಲ್ಲ.

ಗೋತ್ರ ಮಾತ್ರ ಕೇಳುವುದಿಲ್ಲ. ಸಗೋತ್ರದವರು ನಿಶ್ಚಿಂತೆಯಿಂದ ಸಹಿ ಹಾಕಬಹುದು. ಆದರೆ ‘ನಿಮ್ಮಿಬ್ಬರಲ್ಲಿ ರಕ್ತಸಂಬಂಧವಿದೆಯೇ’ ಎಂಬ ಪ್ರಶ್ನೆಗೆ ಸೋದರಮಾವನ ಮಗಳು ಎಂದು ಉತ್ತರ ಬಂದರೆ ಗುಮಾಸ್ತೆಯ ಪೆನ್ನು ನಿಲ್ಲುತ್ತದೆ. ಸೋದರ ಸಂಬಂಧದ ಮದುವೆ ಆ ರಾಜ್ಯದಲ್ಲಿ ನಿಷಿದ್ಧ. ಅಕ್ಕನ ಮಗಳಂತೂ ಕೇಳುವುದೇ ಬೇಡ. ನಮ್ಮಲ್ಲಿ ‘ಹಕ್ಕಿನ ಹೆಣ್ಣು’ ಎನಿಸಿಕೊಂಡವಳು ಅಲ್ಲಿ ಕಾನೂನಿನ ಪಟ್ಟಿಯಲ್ಲಿ ಹೆಸರಿಸಿ ಹೊರಗಿಟ್ಟವಳು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳು ಮಾವನ ಮಗಳಿಗೆ ಅಡ್ಡಿ ಮಾಡುವುದಿಲ್ಲ, ಅಕ್ಕನ ಮಗಳಿಗೆ ಮಾಡುತ್ತವೆ.

ಇನ್ನು ಹೆಸರು. ಅರ್ಜಿಯಲ್ಲಿ ಫಸ್ಟ್, ಮಿಡಲ್, ಲಾಸ್ಟ್ ಎಂದು ಮೂರು ಮನೆ. ನಮ್ಮವರಲ್ಲಿ ಊರು, ತಂದೆ, ತಾನು ಎಂಬ ಕ್ರಮದವರಿದ್ದಾರೆ, ಬರೀ ಇನಿಷಿಯಲ್‌ನವರಿದ್ದಾರೆ, ಒಂದೇ ಹೆಸರಿನವರೂ ಇದ್ದಾರೆ. ಆ ಒಂಟಿ ಹೆಸರಿನವರ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗಿರುತ್ತದೆ, ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪ. ಅದನ್ನು ಗುಮಾಸ್ತೆ ಹಾಗೇ ಟೈಪು ಮಾಡಿದರೆ ಶ್ರೀಮಾನ್ ಎಫ್‌ಎನ್‌ಯು ಅವರ ವಿವಾಹ ಶಾಶ್ವತವಾಗಿ ದಾಖಲಾಗುತ್ತದೆ. ತಾಯಿಯ ತವರಿನ ಅಡ್ಡಹೆಸರು ಎಂಬ ಮನೆ ಇನ್ನೂ ಕಷ್ಟ. ಮದುವೆಗೆ ಮೊದಲೂ ಗಂಗಮ್ಮ, ನಂತರವೂ ಗಂಗಮ್ಮನಾಗಿದ್ದವರಿಗೆ ತವರಿನದೆಂದು ಬೇರೆ ಹೆಸರು ಎಲ್ಲಿಂದ ತರುವುದು? ಅವರ ತಂದೆಯ ಹೆಸರು ಹಾಕುವವರಿದ್ದಾರೆ. ಏನು ಹಾಕಿದರೂ ಮುಂದೆ ಗ್ರೀನ್ ಕಾರ್ಡಿನ ಅರ್ಜಿಯಲ್ಲೂ ಅದನ್ನೇ ಹಾಕಬೇಕು, ಕಾಗುಣಿತ ಸಹಿತ. ಲಕ್ಷ್ಮಿಯ ನಡುವೆ ಒಂದು ಕಡೆ ‘ಕೆಎಸ್‌ಎಚ್’, ಇನ್ನೊಂದು ಕಡೆ ‘ಎಕ್ಸ್’ ಆದರೆ ಅವರು ಇಬ್ಬರು ಲಕ್ಷ್ಮಿಯರೇ. ಸಹಿ ಹಾಕುವ ಮೊದಲು ಗುಮಾಸ್ತೆ ಓದಲು ಕೊಡುತ್ತಾರೆ. ಮದುವೆಯ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ಆ ಎರಡು ನಿಮಿಷ ಉಳಿಸಿದವರು ಆಮೇಲೆ ತಿದ್ದುಪಡಿಗಾಗಿ ಎಷ್ಟು ದಿನ ಅಲೆಯುತ್ತಾರೋ ಅವರನ್ನೇ ಕೇಳಬೇಕು.

ಅರ್ಜಿ ಕೊಟ್ಟ ದಿನವೇ ಲೈಸೆನ್ಸ್ ಕೈಗೆ ಬರುವುದಿಲ್ಲ. ನಂತರದ ಮೂರನೆಯ ದಿನ ಬರುತ್ತದೆ: ಸೋಮವಾರ ಕೊಟ್ಟರೆ ಗುರುವಾರ. ಶನಿವಾರ ಅಭಿಜಿನ್ ಲಗ್ನ ಇಟ್ಟುಕೊಂಡು ಗುರುವಾರ ರಾತ್ರಿ ವಿಮಾನ ಇಳಿಯುವವರಿಗೆ ಯಾವ ಪಂಚಾಂಗವೂ ನೆರವಾಗದು. ತೀರಾ ತುರ್ತೆಂದು ಕೋರ್ಟಿಗೆ ಮನವರಿಕೆಯಾದರೆ ವಿನಾಯಿತಿ ಉಂಟು, ಆದರೆ ಗುರುಬಲ ಮುಗಿಯುತ್ತದೆಂಬುದು ತುರ್ತಿನ ಪಟ್ಟಿಯಲ್ಲಿಲ್ಲ. ಕೈಗೆ ಬಂದ ಮೇಲೆ ಲೈಸೆನ್ಸಿನ ಆಯುಸ್ಸು 60 ದಿನ. ಆಷಾಢಕ್ಕೆ ಮುಂಚೆ ಪಡೆದು ಶ್ರಾವಣದಲ್ಲಿ ಬಳಸಬಹುದು, ಕಾರ್ತಿಕಕ್ಕೆ ಆಗದು.

ಯಾವ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದರಲ್ಲಿ, ಪಡೆದರೂ ರಾಜ್ಯವಿಡೀ ನಡೆಯುತ್ತದೆ, ಗಡಿ ದಾಟಿದರೆ ಬರೀ ಕಾಗದ. ಎಡವುವುದು ಇಲ್ಲೇ. ನ್ಯೂಜೆರ್ಸಿಯ ಕನ್ನಡಿಗರು ಡೆಲವೇರ್ ನದಿ ದಾಟಿ ಸ್ಟ್ರೌಡ್ಸ್‌ಬರ್ಗಿನ ಶೃಂಗೇರಿ ಶಾರದೆಯ ಸನ್ನಿಧಿಯಲ್ಲಿ ಧಾರೆಯೆರೆಯಬಯಸಿದರೆ ತಮ್ಮ ಊರಿನ ಲೈಸೆನ್ಸ್ ನದಿಯ ಆಚೆಯೇ ಉಳಿಯುತ್ತದೆ, ಪೆನ್ಸಿಲ್ವೇನಿಯಾದ್ದೇ ಬೇಕು. ಆ ರಾಜ್ಯದ ನಿವಾಸಿಗಳೇ ಆಗಿರಬೇಕೆಂದಿಲ್ಲ. ಪಿಟ್ಸ್‌ಬರ್ಗ್ ಹತ್ತಿರದ ಪೆನ್‌ಹಿಲ್ಸ್ ವೆಂಕಟೇಶ್ವರನ ಮುಂದೆ ಮದುವೆಯಾಗಲು ಒಹಾಯೋದಿಂದ ಬರುವವರಿಗೂ ಇದೇ ಲೆಕ್ಕ.

ಪುರೋಹಿತರ ವಿಷಯದಲ್ಲಿ ಪೆನ್ಸಿಲ್ವೇನಿಯಾ ಉದಾರಿ. ಒಹಾಯೋ ತನ್ನಲ್ಲಿ ಮದುವೆ ಮಾಡಿಸುವ ಪುರೋಹಿತರು ಮೊದಲು ರಾಜ್ಯದಲ್ಲಿ ಹೆಸರು ನೋಂದಾಯಿಸಬೇಕೆನ್ನುತ್ತದೆ. ಇಲ್ಲಿ ಆ ಶಾಸ್ತ್ರವಿಲ್ಲ, ಸ್ಥಾಪಿತ ಧಾರ್ಮಿಕ ಸಮುದಾಯವೊಂದಕ್ಕೆ ಸೇರಿದವರಾಗಿದ್ದರೆ ಸಾಕು. ಪುರೋಹಿತರೇ ಇಲ್ಲದ ದಾರಿಯೂ ಉಂಟು. ಪಾದ್ರಿಗಳನ್ನೇ ಒಪ್ಪದ ಕ್ವೇಕರ್ ಪಂಥದವರಿಗಾಗಿ ಹುಟ್ಟಿದ ‘ಸೆಲ್ಫ್ ಯುನೈಟಿಂಗ್’ ಲೈಸೆನ್ಸಿನಲ್ಲಿ ವಧೂವರರೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಿದರೆ ಮುಗಿಯಿತು. ಅರ್ಜಿ ಕೊಡುವಾಗಲೇ ಇದು ಬೇಕೆಂದು ಹೇಳಬೇಕು.

ಲೈಸೆನ್ಸಿನ ಕಾಗದಕ್ಕೆ ಜೋಡಿಯಾಗಿ ಎರಡು ಪ್ರಮಾಣಪತ್ರಗಳಿರುತ್ತವೆ. ಮದುವೆ ಮಾಡಿಸಿದವರು ಎರಡಕ್ಕೂ ಸಹಿ ಹಾಕಿ ಒಂದನ್ನು ದಂಪತಿಗೆ ಕೊಟ್ಟು, ಇನ್ನೊಂದನ್ನು 10 ದಿನದೊಳಗೆ ಕೌಂಟಿಗೆ ಹಿಂದಿರುಗಿಸಬೇಕು. ಈ ಎರಡನೆಯದರ ಪಾಡು ಹೇಳತೀರದು. ಅದು ಪುರೋಹಿತರ ಚೀಲದಲ್ಲಿ ಅಕ್ಷತೆ, ದರ್ಭೆ, ಉಳಿದ ಬಟ್ಟಲಡಿಕೆಯ ಜೊತೆ ಮುಂದಿನ ಸತ್ಯನಾರಾಯಣ ಪೂಜೆಗೆ ಹೋಗಿಬಿಡುತ್ತದೆ. ಕೌಂಟಿಯ ಪುಸ್ತಕದಲ್ಲಿ ಅರ್ಜಿ ಇದೆ, ಮದುವೆ ಇಲ್ಲ. ಎರಡು ವಾರದ ನಂತರ ಕಚೇರಿಗೆ ಫೋನು ಮಾಡಿ ಕಾಗದ ತಲುಪಿತೇ ಎಂದು ಕೇಳುವುದು ಬೀಗರನ್ನು ಕಳುಹಿಸಿಕೊಡುವಷ್ಟೇ ಮುಖ್ಯ.

ತಾರೀಖು ಇನ್ನೊಂದು ಬಲೆ. ಆಗಸ್ಟ್ 5ರ ಮದುವೆಗೆ ನಮ್ಮ ರೂಢಿಯಲ್ಲಿ 5/8 ಎಂದು ಬರೆದರೆ ಅಲ್ಲಿ ಅದನ್ನು ಮೇ 8 ಎಂದು ಓದುತ್ತಾರೆ. ಜುಲೈ ಕೊನೆಯಲ್ಲಿ ಲೈಸೆನ್ಸ್ ಪಡೆದವರಿಗೆ ಮೇ ತಿಂಗಳಲ್ಲೇ ಮದುವೆಯಾಗಿತ್ತು ಎಂದಾಗುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿಸಬೇಕು. ತಪ್ಪಾದರೆ ಬಿಳಿ ಬಣ್ಣ ಹಚ್ಚಬಾರದು, ಕಚೇರಿಯನ್ನೇ ಕೇಳಬೇಕು.

ದಂಪತಿಯ ಕೈಯಲ್ಲಿ ಉಳಿದ ಪ್ರತಿ ಎಷ್ಟೇ ಅಂದವಾಗಿದ್ದರೂ ಗೋಡೆಗೆ ಚೆಂದ. ವಲಸೆ ಇಲಾಖೆಗೆ, ಭಾರತದ ಕಾನ್ಸುಲೇಟಿಗೆ, ಬ್ಯಾಂಕಿಗೆ ಬೇಕಾದ್ದು ಕೌಂಟಿ ಮೊಹರಿನ ದೃಢೀಕೃತ ನಕಲು. ಎರಡು ಮೂರು ಒಟ್ಟಿಗೇ ತೆಗೆದುಕೊಳ್ಳುವುದು ಲಾಭ. ಭಾರತದಲ್ಲಿ ಬಳಸಲು ಅದಕ್ಕೆ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ ಅಪಾಸ್ಟಿಲ್, ಅಂದರೆ ಹೊರದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಹಾಕಿಸಬೇಕು. ಅಂದ ಹಾಗೆ, ಮೈಸೂರಿನ ಛತ್ರದಲ್ಲಿ ಆಗಲೇ ಶಾಸ್ತ್ರೋಕ್ತವಾಗಿ ಮದುವೆಯಾದವರು ‘ಯಾವುದಕ್ಕೂ ಇರಲಿ’ ಎಂದು ಅಲ್ಲಿ ಇನ್ನೊಂದು ಲೈಸೆನ್ಸ್ ಪಡೆಯಬಾರದು. ಎರಡು ತಾರೀಖಿನ ಮದುವೆ ಎರಡು ಪಟ್ಟು ಭದ್ರವಲ್ಲ.

ಪೂರ್ವಿಕರ ಹಳೆಯ ಮದುವೆಯ ದಾಖಲೆ ಹುಡುಕುವವರ ಪಾಡು ಬೇರೆ. ಹುಟ್ಟು ಸಾವಿನ ಹಾಗೆ ಮದುವೆಯನ್ನು ಪೆನ್ಸಿಲ್ವೇನಿಯಾದ ಆರೋಗ್ಯ ಇಲಾಖೆ ಇಟ್ಟುಕೊಳ್ಳುವುದಿಲ್ಲ, ಎಲ್ಲವೂ ಕೌಂಟಿಯಲ್ಲೇ. ಅದೂ ಮದುವೆ ನಡೆದ ಕೌಂಟಿಯಲ್ಲ, ಲೈಸೆನ್ಸ್ ಕೊಟ್ಟ ಕೌಂಟಿ. ಲೈಸೆನ್ಸ್ ಪದ್ಧತಿ ಶುರುವಾದದ್ದು 1885ರ ಅಕ್ಟೋಬರ್ 1ರಿಂದ. ಅದಕ್ಕೂ ಹಿಂದಿನದಕ್ಕೆ ಹೆಚ್ಚಾಗಿ ಚರ್ಚುಗಳೇ ಗತಿ. 1890ರ ಜನಗಣತಿಯ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುಪಾಲು ಇಲ್ಲವಾದ್ದರಿಂದ, ಆ ಕಾಲದ ಕುಟುಂಬಗಳನ್ನು ಹುಡುಕುವವರಿಗೆ ಈ ಪುಸ್ತಕಗಳು ಚಿನ್ನ. ಸೂಚಿಯಲ್ಲಿ ಮೊದಲು ವರನ ಹೆಸರು, ಸಿಗದಿದ್ದರೆ ವಧುವಿನದು. ವಿಧವೆಯಾಗಿದ್ದವಳು ತವರಿನ ಹೆಸರಿನಲ್ಲಲ್ಲ, ತೀರಿಕೊಂಡ ಗಂಡನ ಹೆಸರಿನಲ್ಲಿ ಇರಬಹುದು.

ಆ ರಾಜ್ಯದ ಕೋರ್ಟ್‌ಹೌಸುಗಳ ಹಳೆಯ ದಪ್ಪ ದಾಖಲೆಗಳಲ್ಲಿ ರಸೆಲ್ ಇಂಡೆಕ್ಸ್ ಎಂಬ ವಿಚಿತ್ರ ಸೂಚಿಯೂ ಎದುರಾಗುತ್ತದೆ. ಅಡ್ಡಹೆಸರಿನ ಮೊದಲಕ್ಷರ ಬಿಟ್ಟು, ಇಂಗ್ಲಿಷಿನ ಎಲ್, ಎಂ, ಎನ್, ಆರ್, ಟಿ ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಅದರ ಪುಟಕ್ಕೆ ಹೋಗಬೇಕು. ಕುಲಕರ್ಣಿ ಎಲ್‌ಗೆ, ಕಾಮತ್ ಎಂಗೆ, ಶೆಟ್ಟಿ ಮತ್ತು ಭಟ್ಟರು ಟಿಗೆ. ಗೌಡ ಮತ್ತು ಹೆಗ್ಡೆಯಲ್ಲಿ ಈ ಐದೂ ಇಲ್ಲವಾದ್ದರಿಂದ ಇಬ್ಬರೂ ಇತರೆ ಎಂಬ ಅಂಕಣದಲ್ಲಿ.

ಎಷ್ಟು ಹುಡುಕಿದರೂ ಸಿಗದ ಫಿಲಡೆಲ್ಫಿಯಾದ ಜೋಡಿಯನ್ನು ಮೇರಿಲ್ಯಾಂಡಿನ ಎಲ್ಕ್‌ಟನ್‌ನಲ್ಲಿ ಹುಡುಕಬೇಕು. ಗಡಿಯಾಚೆಯ ಆ ಪುಟ್ಟ ಊರಿನಲ್ಲಿ ಕಾಯುವ ಗೋಜಿಲ್ಲದೆ ಕೂಡಲೇ ಮದುವೆ ಮಾಡಿಸುತ್ತಿದ್ದರು. 1938ರಲ್ಲಿ 48 ಗಂಟೆ ಕಾಯಬೇಕೆಂಬ ನಿಯಮ ಬರುವವರೆಗೂ ಓಡಿಹೋಗುವವರ ಮೊದಲ ನಿಲ್ದಾಣ ಅದೇ. ಇನ್ನು ಕೆಲವೆಡೆ ಅರ್ಜಿ ಸಿಗುತ್ತದೆ, ಮೂರನೆಯ ದಿನ ಕೊಟ್ಟ ಲೈಸೆನ್ಸಿನ ನಂಬರೂ ಸಿಗುತ್ತದೆ, ಕೆಳಗೆ ಪಾದ್ರಿಯ ಸಹಿ ಬರಬೇಕಾದ ಜಾಗ ಖಾಲಿ. ಕಾಗದ ಪಾದ್ರಿಯ ಜೇಬಿನಲ್ಲೇ ಉಳಿಯಿತೋ, ಹುಡುಗಿ ಮನಸ್ಸು ಬದಲಿಸಿದಳೋ ಪುಸ್ತಕ ಹೇಳುವುದಿಲ್ಲ. ಆಗ ಮುಂದಿನ ಎರಡು ಮೂರು ಸಂಪುಟಗಳಲ್ಲಿ ಅದೇ ವರನ ಹೆಸರು ಇದೆಯೇ, ಇದ್ದರೆ ಪಕ್ಕದಲ್ಲಿ ಯಾರ ಹೆಸರಿದೆ ಎಂದು ನೋಡಬೇಕು.