20 ಕಿಲೋಮೀಟರ್ ದೂರದ ಅಕ್ಕ

2022ರ ದೀಪಾವಳಿ. ಹಿಂದಿನ ದಿನ ಸಂಜೆಯಷ್ಟೇ ಸೂರ್ಯಗ್ರಹಣ ಆಗಿತ್ತು. ಒಣಗಿದ ಬಟ್ಟೆ ತರಲು ಪುಣೆಯ ಕೋಥರೂಡಿನ ನಮ್ಮ ಬಿಲ್ಡಿಂಗಿನ ಟೆರೇಸಿಗೆ ಹೋಗಿದ್ದೆ. ಮೂರನೇ ಮಹಡಿಯ ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಅಲ್ಲಿ ಒಬ್ಬರೇ ನಿಂತಿದ್ದರು. ಕೈಯಲ್ಲಿ ಹಿತ್ತಾಳೆಯ ತಬಕ. ಅದರಲ್ಲಿ ದೀಪ, ಕುಂಕುಮ, ಅಕ್ಷತೆ, ಒಂದು ಅಡಿಕೆ. ಪಡುವಣ ಗುಡ್ಡದ ಮೇಲೆ ಕತ್ತರಿಸಿದ ಉಗುರಿನಷ್ಟು ಚಂದ್ರ. ಗಾಳಿಗೆ ದೀಪ ಆರದಂತೆ ಸೆರಗು ಅಡ್ಡ ಹಿಡಿದು ಕಾಕು ಚಂದ್ರನಿಗೆ ಆರತಿ ಎತ್ತಿದರು.

ಅವತ್ತು ಭಾವುಬೀಜ್. ಮರಾಠಿ ಮನೆಗಳಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಹೋಗಿ, ಆರತಿ ಮಾಡಿಸಿಕೊಂಡು, ಉಂಡು ಬರುವ ದಿನ. ಅಣ್ಣತಮ್ಮಂದಿರು ಇಲ್ಲದವರು ಚಂದ್ರನನ್ನೇ ಅಣ್ಣ ಅಂದುಕೊಂಡು ಆರತಿ ಬೆಳಗುತ್ತಾರೆ. ಕಾಕುಗೆ ಇದ್ದ ಒಬ್ಬ ತಮ್ಮ ತೀರಿಕೊಂಡು ಬಹಳ ವರ್ಷ ಆಗಿದೆ. ಬಿದಿಗೆಯ ಚಂದ್ರ ಬೇಗ ಮುಳುಗುತ್ತಾನೆ, ಅದಕ್ಕೇ ಅವರಿಗೆ ಅವಸರ. ಆರತಿ ಮುಗಿಸಿ ತಿರುಗಿದವರು ನನ್ನನ್ನು ನೋಡಿದರು.

"ಅರೇ, ತು ಇಥೇ ಕಾಯ್ ಕರತೋಯ್ಸ್?" ನೀನು ಇಲ್ಲೇನು ಮಾಡ್ತಿದ್ದೀಯ ಅಂತ. ನಿಗಡಿಯಲ್ಲಿ ನಿನ್ನ ಅಕ್ಕ ಇದ್ದಾಳಲ್ಲ ಅಂತಲೂ ಕೇಳಿದರು.

"ನಮ್ಮಲ್ಲಿ ಈ ಪದ್ಧತಿ ಇಲ್ಲ ಕಾಕು" ಅಂದು ಬಟ್ಟೆಯ ಬಕೆಟ್ ಎತ್ತಿಕೊಂಡು ಇಳಿದುಬಿಟ್ಟೆ.

ಅದು ಅರ್ಧ ಸುಳ್ಳು. ಭಾವನ ಬಿದಿಗೆ, ಅಕ್ಕನ ತದಿಗೆ ಅನ್ನುವ ಮಾತು ನಮ್ಮಲ್ಲೂ ಇದೆ. ಗದಗ ಸೀಮೆಯ ನಮ್ಮ ಊರಲ್ಲಿ ಅದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅಷ್ಟೇ. ನಮಗೆ ದೀಪಾವಳಿ ಅಂದರೆ ನೀರು ತುಂಬುವುದು, ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಜಳಕ, ಪಾಡ್ಯದ ದಿನ ಸೆಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟೆವ್ವ. ಗಂಡಸರನ್ನು ಸಾಲಾಗಿ ಕೂಡಿಸಿ ಆರತಿ ಮಾಡುವುದೂ ಇತ್ತು. ಆದರೆ ಅದು ನಮ್ಮ ಪಡಸಾಲೆಯಲ್ಲೇ ಮುಗಿಯುತ್ತಿತ್ತು. ಅದಕ್ಕಾಗಿ ಯಾರೂ ಬಸ್ಸು ಹತ್ತಬೇಕಿರಲಿಲ್ಲ.

ಅಕ್ಕತಂಗಿಯರ ಹಬ್ಬ ಅಂದರೆ ನಮ್ಮ ಕಡೆ ಶ್ರಾವಣದ ಪಂಚಮಿ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯಲು ಬರಲಿಲ್ಲ ಅಂತ ಹೆಣ್ಣುಮಕ್ಕಳು ಕಟ್ಟಿದ ಹಾಡುಗಳೇ ಎಷ್ಟೋ ಇವೆ. ಬಂದವರಿಗೆ ಜೋಕಾಲಿ, ಥರಾವರಿ ಉಂಡಿ, ಮಧ್ಯಾಹ್ನ ಅವ್ವನ ಪಕ್ಕ ಉರುಳಿಕೊಂಡು ಮುಗಿಯದ ಮಾತು. ಅಂದರೆ ನಮ್ಮಲ್ಲಿ ಅಕ್ಕ ಬರುತ್ತಾಳೆ, ಇವರಲ್ಲಿ ತಮ್ಮ ಹೋಗುತ್ತಾನೆ. ಮರಾಠಿ ಹೆಣ್ಣುಮಕ್ಕಳು ದೀಪಾವಳಿಗೆ ತವರಿಗೆ ಹೋಗುವುದಿಲ್ಲ ಅಂತಲ್ಲ, ಹೋಗುತ್ತಾರೆ. ಆದರೆ ಆ ಬಿದಿಗೆಯ ದಿನ ಸವೆಯಬೇಕಾದ್ದು ತಮ್ಮನ ಚಪ್ಪಲಿ.

ಇದು ಸಣ್ಣ ವ್ಯತ್ಯಾಸ ಅಂತ ನಾನೂ ಅಂದುಕೊಂಡಿದ್ದೆ. ಊರು ಬಿಟ್ಟವರಿಗೆ ಸಣ್ಣದಲ್ಲ. ತವರು ಅನ್ನಲು ಒಂದು ಮನೆ ಬೇಕು, ಅದರಲ್ಲಿ ಅವ್ವ ಇರಬೇಕು. ನಮ್ಮ ಅವ್ವ ಹೋದ ಮೇಲೆ ಊರ ಮನೆಗೆ ಕೀಲಿ ಬಿತ್ತು. ಅದರ ಜೊತೆ ಪಂಚಮಿಗೂ ಕೀಲಿ ಬಿತ್ತು. ಪುಣೆಯ ನನ್ನ ಎರಡು ಕೋಣೆಯ ಫ್ಲ್ಯಾಟಿಗೆ ಅಕ್ಕ ತವರು ಅಂದುಕೊಂಡು ಬರುತ್ತಾಳಾ? ಬಂದರೂ ಸೋಫಾದ ತುದಿಯಲ್ಲಿ ಕೂರುತ್ತಾಳೆ. ಬ್ಯಾಗು ಮಡಿಲಲ್ಲೇ ಇರುತ್ತದೆ.

ತಮಾಷೆ ಕೇಳಿ. ಅಕ್ಕ ಹುಬ್ಬಳ್ಳಿಯಲ್ಲಿದ್ದಾಗ ನಮ್ಮಿಬ್ಬರ ನಡುವೆ 400 ಕಿಲೋಮೀಟರಿಗಿಂತ ಜಾಸ್ತಿ ದಾರಿ. ಆಗ ವರ್ಷಕ್ಕೆ ಮೂರು ಸಲವಾದರೂ ಭೇಟಿ ಆಗುತ್ತಿತ್ತು, ಅಷ್ಟೂ ಅವ್ವನ ಮನೆಯಲ್ಲಿ. ಭಾವನಿಗೆ ಭೋಸರಿಯಲ್ಲಿ ಕೆಲಸ ಸಿಕ್ಕು ಅವರು ನಿಗಡಿಗೆ ಬಂದರು. ದೂರ 20 ಕಿಲೋಮೀಟರಿಗೆ ಇಳಿಯಿತು. ಅವ್ವ ಹೋದ ಮರುವರ್ಷ ನಾವು ಭೇಟಿಯಾದದ್ದು ಒಂದೇ ಸಲ, ಅದೂ ಯಾರದೋ ಮದುವೆಯಲ್ಲಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು.

ಜಗಳ ಏನೂ ಇರಲಿಲ್ಲ. "ಭಾನುವಾರ ನೋಡೋಣ" ಅನ್ನುತ್ತಿದ್ದೆವು. ಭಾನುವಾರ ಬಂದರೆ ಹಿಟ್ಟಿನ ಗಿರಣಿ, ವಾರದ ತರಕಾರಿ, ಮಗಳ ಶಾಲೆಯ ಪ್ರಾಜೆಕ್ಟ್, ಮಧ್ಯಾಹ್ನದ ನಿದ್ದೆ. ಪಂಚಮಿಗೆ ಅಕ್ಕನ ಫೋನಿಗೆ ದುಡ್ಡು ಹಾಕಿ, ಕೆಳಗೆ ಒಂದು ಕೈಮುಗಿದ ಚಿತ್ರ ಹಾಕಿಬಿಡುತ್ತಿದ್ದೆ. ಅವಳಿಂದ ಹೆಬ್ಬೆರಳು ಬರುತ್ತಿತ್ತು.

2023ರ ಆಗಸ್ಟಿನಲ್ಲಿ ಪುಣೆ ಮೆಟ್ರೋದ ಎರಡು ದಾರಿಗಳು ಸಿವಿಲ್ ಕೋರ್ಟ್ ಹತ್ತಿರ ಕೂಡಿಕೊಂಡವು. ನಮ್ಮ ಕಡೆಯ ವನಾಜ್‌ನಲ್ಲಿ ಹತ್ತಿ, ಅಲ್ಲಿ ಬದಲಿಸಿ, ಪಿಂಪ್ರಿಯ ಪಿಸಿಎಂಸಿ ನಿಲ್ದಾಣದಲ್ಲಿ ಇಳಿದರೆ ಮುಂದೆ ರಿಕ್ಷಾ. ಟ್ರಾಫಿಕ್ ಅನ್ನುವ ನನ್ನ ನೆಪವೂ ಹೋಯಿತು. ಆ ವರ್ಷ ದೀಪಾವಳಿಗೆ ನಾನಾಗಿಯೇ ಫೋನ್ ಮಾಡಿ, "ಅಕ್ಕಾ, ಭಾವುಬೀಜಿಗೆ ಬರ್ತೀನಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾಕೋ ತಮ್ಮಾ, ಏನರ ತ್ರಾಸ ಐತೇನು?" ಅಂದಳು. ಸುಮ್ನೆ ಬರ್ತೀನಿ ಅಂದರೆ ನಂಬದ ಹಾಗೆ ನಾವು ಆಗಿಬಿಟ್ಟಿದ್ದೆವು.

ಹೋದೆ. ಅಕ್ಕ ಪಕ್ಕದ ಮನೆಯವರನ್ನು ಕೇಳಿ ಎಲ್ಲಾ ಸಿದ್ಧ ಮಾಡಿಟ್ಟಿದ್ದಳು. ಮಣೆ, ಅದರ ಸುತ್ತ ರಂಗೋಲಿ. ಹಣೆಗೆ ಕುಂಕುಮ, ಅಕ್ಷತೆ. ಮೊದಲು ಅಡಿಕೆ ಮತ್ತು ಬಂಗಾರದ ಉಂಗುರ ಹಿಡಿದು ಮುಖದ ಸುತ್ತ ಇಳಿಸಬೇಕು, ಆಮೇಲೆ ದೀಪ. ಉಂಗುರ ಅವಳ ಬೆರಳಿನಿಂದ ಬರಲೇ ಇಲ್ಲ. ಸೋಪು ಹಚ್ಚಿ ಎಳೆದಳು. ಅದು ಅವ್ವನ ಉಂಗುರ. ದೀಪ ಎತ್ತಿದಾಗ ಅವಳಿಗೂ ನಗು, ನನಗೂ ನಗು. 50ರ ಹತ್ತಿರ ಬಂದ ಗಂಡಸು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಲೆ ಮೇಲೆ ಕರವಸ್ತ್ರ ಹೊದ್ದುಕೊಂಡಿದ್ದ. ತಬಕಿಗೆ ಹಾಕಲು ಜೇಬು ನೋಡಿದರೆ ನೋಟಿಲ್ಲ! ಎಲ್ಲಾ ಫೋನಿನಲ್ಲೇ ಕೊಟ್ಟು ರೂಢಿ. "ತಾಟಿನ್ಯಾಗ ಫೋನ್ ಇಡ್ತಿಯೇನು?" ಅಂದಳು ಅಕ್ಕ. ಭಾವ ಒಳಗೆ ಹೋಗಿ 500ರ ನೋಟು ತಂದು ನನ್ನ ಕೈಗೆ ತುರುಕಿದರು. ಆ ಸಾಲ ಇನ್ನೂ ತೀರಿಸಿಲ್ಲ.

ಆಮೇಲೆ ಸಂಜೆ ಏಳರವರೆಗೆ ಕೂತೆವು. ಏನು ಮಾತಾಡಿದೆವು ಅಂದರೆ ಹೇಳಲು ಬರುವುದಿಲ್ಲ. ಊರಿನ ಬಾವಿ, ಅಪ್ಪನ ಸೈಕಲ್ಲು, ಅಕ್ಕನ ಮೊಣಕಾಲು ನೋವು. ಆ ನೋವು ಶುರುವಾಗಿ ಎರಡು ವರ್ಷ ಆಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಯಾರಾದರೂ "ಆರಾಮೇನು?" ಅಂದರೆ "ಆರಾಮ" ಅಂತಲೇ ಅಲ್ವಾ ಹೇಳೋದು? ಅವಳು ಅಡುಗೆಮನೆಗೆ ಹೋಗುವಾಗ ಗೋಡೆ ಹಿಡಿದದ್ದು ಕಣ್ಣಿಗೆ ಬಿದ್ದು ಕೇಳಿದೆ.

ಪುಣೆಗೆ ಬಂದು 22 ವರ್ಷದಲ್ಲಿ ಇವರ ಹಬ್ಬಗಳಲ್ಲಿ ನನಗೆ ಹಿಡಿಸಿದ್ದು ಇದು. ಮನೆಯಿಂದ ಹೊರಗೆ ಹೊರಡಿಸುವ ಒಂದು ಕೆಲಸ ಪ್ರತಿ ಹಬ್ಬದಲ್ಲೂ ಇರುತ್ತದೆ. ದೀಪಾವಳಿಯ ಫರಾಳ ಅಂದರೆ ಬರೀ ತಿಂಡಿಯಲ್ಲ. ಚಕಲಿ, ತೆಳು ಅವಲಕ್ಕಿಯ ಚಿವಡಾ, ಶಂಕರಪಾಳಿ, ಅನಾರಸ ಎಲ್ಲಾ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕಾಕು ನಮ್ಮ ಬಾಗಿಲಿಗೆ ಬರುತ್ತಾರೆ. ಆ ಡಬ್ಬಿಯನ್ನು ಖಾಲಿ ಮರಳಿಸುವ ಹಾಗಿಲ್ಲ. ನಾವು ಕರ್ಚಿಕಾಯಿ ತುಂಬಿ ಕೊಡುತ್ತೇವೆ. ಅದನ್ನೇ ಅವರು ಕರಂಜಿ ಅನ್ನುತ್ತಾರೆ, ನಮ್ಮದರಲ್ಲಿ ಎಳ್ಳು ಜಾಸ್ತಿ ಅನ್ನುತ್ತಾರೆ, ಆದರೂ ತಿನ್ನುತ್ತಾರೆ.

ಹಾಗಂತ ಇವರದೆಲ್ಲ ಮೇಲು ಅಂತ ನಾನು ಹೇಳುವುದಿಲ್ಲ. ದಸರಾ ತಗೊಳ್ಳಿ. ಇಲ್ಲಿ ಆಪ್ಟಾ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದ ಹಾಗೆ ಇರಿ ಅನ್ನುತ್ತಾರೆ. ನಮ್ಮ ಬನ್ನಿಯ ಮಾತೂ ಅದೇ. ಆದರೆ ಪುಣೆಯ ಬಂಗಾರ ಈಗ ಲಿಫ್ಟಿನಲ್ಲೇ ಮುಗಿಯುತ್ತದೆ. ಎದುರು ಸಿಕ್ಕವರಿಗೆ ಒಂದು ಎಲೆ, ಒಂದು ನಗು. ಮಾರುಕಟ್ಟೆಯಲ್ಲಿ ಆಪ್ಟಾ ಅಂತ ಕಂಚುವಾಳದ ಎಲೆ ಮಾರುವವರೂ ಇದ್ದಾರೆ. ನಮ್ಮೂರಲ್ಲಿ ಹಾಗಲ್ಲ. ಸಂಜೆ ಬನ್ನಿ ಮುಡಿದು ಬಂದ ಮೇಲೆ ಓಣಿಯ ಪ್ರತಿ ಮನೆಗೂ ಹೋಗಬೇಕು. ಮಾತು ಬಿಟ್ಟವರ ಮನೆಗೆ ಮೊದಲು ಹೋಗಬೇಕು. ಬದುವಿನ ವಿಷಯಕ್ಕೆ ಅಪ್ಪನ ಜೊತೆ ವರ್ಷದಿಂದ ಮಾತಾಡದ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಬನ್ನಿ ಕೊಟ್ಟು ಕಾಲು ಮುಟ್ಟಿದ. "ಬಂಗಾರದಂಗ ಇರೂಣು" ಅಂದ. ದೊಡ್ಡಪ್ಪ ಏನೂ ಅನ್ನಲಿಲ್ಲ, ಒಳಗೆ ತಿರುಗಿ "ಚಾ ಇಡ್ರಿ" ಅಂದರು. ಬದುವಿನ ಜಗಳ ಹೋಗಲಿಲ್ಲ. ಚಾ ಮಾತ್ರ ಶುರುವಾಯಿತು.

ನನ್ನ ಹೆಂಡತಿ ಮೈಸೂರಿನವಳು. ಅವಳು ನವರಾತ್ರಿಗೆ ಗೊಂಬೆ ಕೂರಿಸುತ್ತಾಳೆ. ತವರಿನಿಂದ ಬಂದ ಪಟ್ಟದ ಗೊಂಬೆ ರಾಜ ರಾಣಿ, ಉಳಿದದ್ದೆಲ್ಲ ಇಲ್ಲಿನ ತುಳಶೀಬಾಗಿನ ಸಂತೆಯದು. ಗೊಂಬೆಗೂ ಅದೇ ಗುಣ, ನೋಡುವವರಿಲ್ಲದೆ ಅದು ನಡೆಯುವುದಿಲ್ಲ. ಕರೆಯಲೇಬೇಕು, ಉಸಲಿ ಕೊಡಲೇಬೇಕು. ನಮ್ಮ ಬಿಲ್ಡಿಂಗಿನ ಹುಡುಗಿಯರು ಭೋಂಡಲಾ ಆಡುತ್ತಾರೆ. ನಡುವೆ ಆನೆಯ ಚಿತ್ರ ಇಟ್ಟು ಸುತ್ತ ಹಾಡುತ್ತಾ ತಿರುಗುವುದು. ಕೊನೆಗೆ ಮುಚ್ಚಿದ ಡಬ್ಬಿಯಲ್ಲಿ ಏನು ತಿಂಡಿ ಇದೆ ಅಂತ ಊಹಿಸಬೇಕು. ಗೊಂಬೆ ಶುರುವಾದ ಮೇಲೆ ಭೋಂಡಲಾದ ಡಬ್ಬಿಯಲ್ಲಿ ಒಂದು ದಿನ ನಮ್ಮ ಮನೆಯ ಕೋಡುಬಳೆ ಇತ್ತು. ಯಾರೂ ಸರಿಯಾಗಿ ಊಹಿಸಲಿಲ್ಲ ಅಂತ ನನ್ನ ಮಗಳಿಗೆ ಒಂದು ವಾರ ಹೆಮ್ಮೆ.

ಇನ್ನು ನಮ್ಮ ಕನ್ನಡದವರ ಕಾರ್ಯಕ್ರಮಗಳು. ಹೆಸರು ಬೇಡ. ಹಾಲ್ ಹಿಡಿದು ಭಾನುವಾರ ದಸರಾ ಮಾಡುತ್ತೇವೆ. ಸ್ವಾಗತ, ಶಾಲು, ಭಾಷಣ, ಬಿಸಿಬೇಳೆ ಬಾತ್. 200 ಜನರ ನಡುವೆ ಕೂತು ಯಾರನ್ನೂ ಭೇಟಿ ಆಗದೆ ಬರುತ್ತೇವೆ. ಅಲ್ಲಿ ಸಿಕ್ಕ ಗೆಳೆಯ "ಮನೆಗೆ ಬಾರಪ್ಪ" ಅನ್ನುತ್ತಾನೆ, ನಾನೂ ಅನ್ನುತ್ತೇನೆ. ಆರು ವರ್ಷದಿಂದ ಅನ್ನುತ್ತಿದ್ದೇವೆ.

ದಸರಾ ಆಗಿ ನಾಲ್ಕೈದು ದಿನಕ್ಕೆ ಹುಣ್ಣಿಮೆ. ಪುಣೆಯಲ್ಲಿ ಅದು ಕೋಜಾಗಿರಿ. ಟೆರೇಸಿನಲ್ಲಿ ದೊಡ್ಡ ಪಾತ್ರೆಯಲ್ಲಿ ಕೇಸರಿ, ಬಾದಾಮಿ ಹಾಕಿ ಹಾಲು ಕಾಯಿಸಿ, ಅದರಲ್ಲಿ ಚಂದ್ರನ ಬಿಂಬ ನೋಡಿ ಕುಡಿಯುತ್ತಾರೆ. ಮನೆಯ ಹಿರಿಯ ಮಗುವಿಗೆ ಅವತ್ತು ಆರತಿ. ಅದೇ ಹುಣ್ಣಿಮೆ ನಮಗೆ ಸೀಗೆ ಹುಣ್ಣಿಮೆ, ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ. ತೆನೆ ಕಟ್ಟುವ ಬೆಳೆ ಅಂದರೆ ಬಸುರಿ, ಅವಳಿಗೆ ಬಯಕೆಯ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ, ಮೊಸರನ್ನ ಕಟ್ಟಿಕೊಂಡು ಚಕ್ಕಡಿ ಹೂಡಿ ಹೊಲಕ್ಕೆ. ಅಜ್ಜ ಬೆಳೆಯ ನಡುವೆ ಚರಗ, ಅಂದರೆ ಭೂಮಿಗೆ ಅಡುಗೆಯ ನೈವೇದ್ಯ, ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅಂತ ಕೂಗಿದರೆ ಹಿಂದೆ ನೀರು ಹಿಡಿದ ನಾವು "ಚಲಾಂಬ್ರಿಗೋ" ಅನ್ನಬೇಕು. ಅರ್ಥ ಕೇಳಿದರೆ ಅಜ್ಜನಿಗೂ ಗೊತ್ತಿರಲಿಲ್ಲ. ಆಮೇಲೆ ಬೇವಿನ ಗಿಡದ ಕೆಳಗೆ ಊಟ, ಅಲ್ಲೇ ನಿದ್ದೆ. ಅಕ್ಕ ಒಂದು ಸಲ ಕರಿಹಿಂಡಿ ಜಾಸ್ತಿ ತಿಂದು ಬಾಯಿ ಉರಿದು ಇಡೀ ಕೊಡದ ನೀರು ಕುಡಿದಿದ್ದಳು. ಕೋಜಾಗಿರಿಯ ಹಾಲು ರುಚಿಯೇ. ಆದರೆ ಆ ಊಟದ ಮುಂದೆ ನಾನು ಅದನ್ನು ಇಡಲಾರೆ.

2025ರಲ್ಲಿ ದಸರಾ ಅಕ್ಟೋಬರ್ 2ಕ್ಕೆ, ಭಾವುಬೀಜ್ 23ಕ್ಕೆ ಬಂತು. ಮೂರೇ ವಾರ. ಎರಡಕ್ಕೂ ರಜೆ ಹೊಂದಿಸಲು ಆಗಲಿಲ್ಲ, ಭಾವುಬೀಜಿಗೆ ಮಾತ್ರ ಹೋದೆ. ಈ ಸಲ ಜೇಬಿನಲ್ಲಿ ಗರಿಗರಿ ನೋಟಿತ್ತು. ಉಂಗುರವನ್ನು ಅಕ್ಕ ದೊಡ್ಡದು ಮಾಡಿಸಿಕೊಂಡಿದ್ದಳು.

ಊಟ ಆದ ಮೇಲೆ, ಮುಂದಿನ ಸೀಗೆ ಹುಣ್ಣಿಮೆಗೆ ಊರಿಗೆ ಹೋಗೋಣ ಅಂದೆ. ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇವೆ, ಚರಗ ಚೆಲ್ಲಲು ಬೇಡ ಅನ್ನುವವರು ಯಾರೂ ಇಲ್ಲ. ಮನೆ ತೆರೆದು ಎರಡು ವರ್ಷದ ಮೇಲಾಯಿತು. ಒಲೆ ಹೇಗಿದೆಯೋ, ಹಂಚು ಎಷ್ಟು ಒಡೆದಿವೆಯೋ. ಅಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ರೊಟ್ಟಿ ನಾ ಇಲ್ಲಿಂದನ ಬಡದು ತರ್ತೀನಿ. ನೀ ಕೀಲಿ ಮರೀಬ್ಯಾಡ" ಅಂದಳು.